ತರಬೇತಿ ಪಡೆದವಳು

"ನಿನ್ನ ಹೆಬ್ಬೆಟ್ಟೇನು ಬಂಗಾರದ್ದೇನೇ? ಒಂದ್ಸಲ ಒತ್ತು ಅಂದ್ರೆ ಬೆಳಗಿಂದ ಸತಾಯಿಸ್ತಿದೀಯಲ್ಲ, ಮುಂಡೇದೇ! ಕೈ ಒರೆಸ್ಕೊಂಡು ಬಾ ಇಲ್ಲಿ!"

ಗುಮಾಸ್ತ ಹೊಸ್ತಿಲ ಆಚೆಗೇ ನಿಂತಿದ್ದ. ತೊಳೆಯುವ ಕೋಣೆಯ ನೆಲ ಯಾವಾಗಲೂ ಒದ್ದೆ. ಆ ಒದ್ದೆಯಲ್ಲಿ ನೀರೆಷ್ಟು, ಆಸಿಡ್ ಎಷ್ಟು ಎಂಬ ವಿಷಯದಲ್ಲಿ ಅವನಿಗೆ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ. ಹಾಗಾಗಿ ಒಂದು ಕಾಲನ್ನು ಬೈಯಲು ಮುಂದಿಟ್ಟು, ಇನ್ನೊಂದನ್ನು ಓಡಲು ಹಿಂದಿಟ್ಟುಕೊಂಡು, ರಿಜಿಸ್ಟರನ್ನು ಕೈಚಾಚಿ ಹಿಡಿದಿದ್ದ.

ಗಾಜಕ್ಕ ತಲೆ ಎತ್ತಲಿಲ್ಲ. ಮೊಣಕೈವರೆಗೆ ರಬ್ಬರ್ ಗವಸು, ಕತ್ತಿನಿಂದ ಮೊಣಕಾಲವರೆಗೆ ರಬ್ಬರ್ ಮೇಲಂಗಿ, ಎದುರಿಗೆ ಸಾಲಾಗಿ ಮೂರು ತೊಟ್ಟಿ. ಉದ್ದ ಕತ್ತಿನ ಗಾಜಿನ ಬುರುಡೆಯೊಂದರ ಹೊಟ್ಟೆಗೆ ಕುಂಚ ತೂರಿಸಿ ತಿರುಗಿಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಇದೇ ತಿರುಗಣೆ. ಈ ಸಂಶೋಧನಾ ಶಾಲೆಯಲ್ಲಿ ಓದಿ, ಹೆಸರಿನ ಮುಂದೆ ಡಾಕ್ಟರ್ ಅಂಟಿಸಿಕೊಂಡು ಹೋದವರೆಲ್ಲರ ಎಂಜಲು ಗಾಜು ಅವಳ ಕೈ ದಾಟಿಯೇ ಹೋಗಿದೆ. ಗಾಜಕ್ಕ ಅಂತ ಹೆಸರಿಟ್ಟವರೂ ಆ ಹುಡುಗರೇ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿರಬೇಕು, ಆದರೆ ಆ ಹೆಸರು ಹಿಡಿದು ಕರೆದರೆ ಅವಳು ತಿರುಗಿ ನೋಡುತ್ತಾಳೋ ಇಲ್ಲವೋ ಹೇಳಲಾಗದು.

"ಕೈ ಬಿಡುವಿಲ್ಲ ಸ್ವಾಮಿ," ಎಂದಳು. "ಅದೇನು ಪುಸ್ತಕ?"

"ತರಬೇತಿ ರಿಜಿಸ್ಟರು."

"ಯಾರಿಗೆ ತರಬೇತಿ?"

"ನಿಂಗೆ ಕಣೇ! ನಿಂಗೆ, ನಿನ್ನ ನಾದಿನಿಗೆ."

"ಓಹೋ. ಯಾವತ್ತು ಕೊಡ್ತೀರಿ?"

"ಕೊಟ್ಟಾಗಿದೆ."

ಗಾಜಕ್ಕನ ಕುಂಚ ನಿಂತಿತು. "ಕೊಟ್ಟಾಗಿದ್ಯಾ? ಆವಾಗ ನಾನೆಲ್ಲಿದ್ದೆ?"

"ತರಬೇತೀಲಿದ್ದೆ!" ಎಂದು ಗುಮಾಸ್ತ ಕಿರುಚಿದ.

ಅವಳು ಬುರುಡೆಯನ್ನು ಕೆಳಗಿಟ್ಟು, ತೊಟ್ಟಿಕ್ಕುವ ಗವಸನ್ನು ಹಾಗೇ ಮುಂದೆ ಚಾಚಿಕೊಂಡು ಬಾಗಿಲಿಗೆ ಬಂದಳು. ಗುಮಾಸ್ತ ಎರಡು ಹೆಜ್ಜೆ ಹಿಂದೆ ಸರಿದ. ರಿಜಿಸ್ಟರು ಮಾತ್ರ ಅವಳ ಕಣ್ಣೆದುರಿಗೇ ಉಳಿಯಿತು, ಏಕೆಂದರೆ ಇವಳಿಗೆ ಓದು ಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಓದು ಅವಳಿಗೆ ಬಾಟಲಿಗಳ ಮೇಲಿನ ಚೀಟಿಗಳಿಂದ ಬಂದದ್ದು. ಮೊದಲು ಕಲಿತ ಪದ 'ವಿಷ', ಎರಡನೆಯದು 'ಉರಿಯುವ ವಸ್ತು'. ಚೀಟಿ ಓದದೆ ಕೈ ಹಾಕಿದರೆ ಕೈ ಉಳಿಯುವುದಿಲ್ಲವಾದ್ದರಿಂದ ಅಕ್ಷರಗಳು ಬೇಗ ತಲೆಗೆ ಹತ್ತಿದವು. ಇವತ್ತಿಗೂ ಓದುವುದು ನಿಧಾನ, ಆದರೆ ಒಂದಕ್ಷರ ಬಿಡುವುದಿಲ್ಲ.

ಮೂರು ತಿಂಗಳ ಹಿಂದಿನ ತಾರೀಖು. ಎರಡು ಗಂಟೆಯ ಸುರಕ್ಷತಾ ತರಬೇತಿ. ಕಲಿಸಿದ ವಿಷಯ: ತ್ಯಾಜ್ಯ ತುಂಬಿದ ಬಾಟಲಿಗಳ ಮುಚ್ಚಳವನ್ನು ಯಾವ ಕಾರಣಕ್ಕೂ ಬಿಗಿಗೊಳಿಸಬಾರದು. ಕೆಳಗೆ ಕಲಿಸಿದವನ ಸಹಿ. ಅದರ ಕೆಳಗೆ ಎರಡು ಖಾಲಿ ಚೌಕ. ಒಂದು ಅವಳದು. ಇನ್ನೊಂದರ ಪಕ್ಕದಲ್ಲಿ 'ಗಾಯಾಳುವಿನ ಪರವಾಗಿ, ಅತ್ತಿಗೆ' ಎಂದಿತ್ತು.

ಅವಳಿಗೆ ಆ ತಾರೀಖು ನೆನಪಿತ್ತು. ಅವತ್ತು ಮುಖ್ಯಸ್ಥರಿಗೆ ಯಾವುದೋ ದೊಡ್ಡ ಬಿರುದು ಬಂತೆಂದು ಸಭಾಂಗಣದಲ್ಲಿ ಸನ್ಮಾನ. ಇನ್ನೂರು ಜನರ ಟೀ ಕಪ್ಪನ್ನು ಅತ್ತಿಗೆ ನಾದಿನಿ ಇಬ್ಬರೇ ಈ ಮೂರು ತೊಟ್ಟಿಯಲ್ಲೇ ತೊಳೆದಿದ್ದರು. ಸಂಜೆ ಹೊತ್ತಿಗೆ ನಾದಿನಿ ಬೆನ್ನು ಹಿಡಿದುಕೊಂಡು, "ಬಿರುದು ಅವನಿಗೆ, ಬೆನ್ನುನೋವು ನಮಗೆ," ಎಂದದ್ದೂ ನೆನಪಿತ್ತು.

"ಗವಸು ಆಸಿಡ್‌ದು ಸ್ವಾಮಿ," ಎಂದಳು ಗಾಜಕ್ಕ. "ನಂಗೆ ಬಿಚ್ಚೋಕಾಗಲ್ಲ. ನೀವೇ ಸ್ವಲ್ಪ ಹಿಡಿದು ಎಳೀರಿ, ಒತ್ತಿಬಿಡ್ತೀನಿ."

ಗುಮಾಸ್ತ ರಿಜಿಸ್ಟರನ್ನು ಮಡಚಿ ಕಂಕುಳಿಗೆ ಸೇರಿಸಿದ. "ಮಧ್ಯಾಹ್ನ ಸಾಹೇಬ್ರ ಕೋಣೆಗೆ ಬಾ. ಅಲ್ಲಿ ಗವಸೂ ಬಿಚ್ಚುತ್ತೆ, ನಿನ್ನ ಕೊಬ್ಬೂ ಬಿಚ್ಚುತ್ತೆ."

*

ಆಗಿದ್ದು ಇಷ್ಟು.

ಹುಡುಗರು ಪ್ರಯೋಗ ಮುಗಿಸಿ, ಉಳಿದದ್ದನ್ನೆಲ್ಲ ಕಂದು ಬಣ್ಣದ ದೊಡ್ಡ ಬಾಟಲಿಗಳಿಗೆ ಸುರಿಯುತ್ತಾರೆ. ಯಾವುದಕ್ಕೆ ಯಾವುದನ್ನು ಸುರಿಯಬೇಕೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ಅದನ್ನು ಓದುವವರು ಗಾಜಕ್ಕ ಮತ್ತು ನಾದಿನಿ ಇಬ್ಬರೇ. ಆಸಿಡ್ಡಿನ ತಳ ಉಳಿದ ಬಾಟಲಿಗೆ ಬೇರೆ ದ್ರಾವಣ ಬಿತ್ತೆಂದರೆ ಒಳಗೊಳಗೇ ಗಾಳಿ ಹುಟ್ಟಿ ಉಬ್ಬುತ್ತಾ ಹೋಗುತ್ತದೆ. ಅದಕ್ಕೇ ತೊಳೆಯುವವರದು ಒಂದು ಪದ್ಧತಿ. ಯಾವ ಬಾಟಲಿ ಬಂದರೂ ಮುಚ್ಚಳವನ್ನು ಅರ್ಧ ತಿರುವು ಸಡಿಲ ಬಿಡುವುದು. ಗಾಜಕ್ಕನಿಗೆ ಇದನ್ನು ಹೇಳಿಕೊಟ್ಟವಳು ಅವಳಿಗಿಂತ ಮೊದಲು ಇಲ್ಲಿ ತೊಳೆಯುತ್ತಿದ್ದ ಮುದುಕಿ. ನಾದಿನಿ ಕೆಲಸಕ್ಕೆ ಬಂದ ದಿನ ಗಾಜಕ್ಕ ಹೇಳಿದ ಮೊದಲ ಮಾತೂ ಇದೇ: "ಬಾಟಲಿಗೂ ಉಸಿರು ಬೇಕು ಕಣೇ. ಕತ್ತು ಹಿಸುಕಬೇಡ."

ಉಸಿರು ಬಿಟ್ಟರೆ ನಾತ ಬರುತ್ತದೆ. ಆ ನಾತದಲ್ಲಿ ಇಬ್ಬರು ಹೆಂಗಸರು ದಿನವಿಡೀ ನಿಲ್ಲುತ್ತಿದ್ದದ್ದು ಯಾರ ಮೂಗಿಗೂ ಬಡಿದಿರಲಿಲ್ಲ. ಆದರೆ ಹೊರಗಿನಿಂದ ತಪಾಸಣಾ ಸಮಿತಿ ಬರುತ್ತದೆ, ಶಾಲೆಗೆ ದರ್ಜೆ ಕೊಡುತ್ತದೆ ಎಂದಾದಾಗ ಮುಖ್ಯಸ್ಥರಿಗೆ ಮೂಗು ಬಂತು. ತೊಳೆಯುವ ಕೋಣೆಯವರು ಅವರನ್ನು ಬೆಣ್ಣೆ ಸಾಹೇಬ ಎನ್ನುತ್ತಾರೆ. ಮಾತು ಅಷ್ಟು ನುಣುಪು. ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತು, "ಅಯ್ಯೋ, ಇದೇನಪ್ಪಾ ಇದು! ಸಮಿತಿಯವರು ಮೂಗು ಮುಚ್ಕೊಂಡು ನಮಗೆ ದರ್ಜೆ ಬರೀಬೇಕಾ? ಎಲ್ಲ ಮುಚ್ಚಳ ಭದ್ರ ಮಾಡಿ ಟೇಪು ಸುತ್ತು," ಎಂದರು.

ಹೇಳಿದ್ದು ಆರನೇ ವರ್ಷಕ್ಕೆ. ಅದು ಅವರ ಕೈಕೆಳಗಿನ ಒಬ್ಬ ಸಂಶೋಧಕನ ಅಡ್ಡಹೆಸರು. ನಾಲ್ಕು ವರ್ಷದಲ್ಲಿ ಮುಗಿಯಬೇಕಾದ ಪ್ರಬಂಧ ಆರನೇ ವರ್ಷಕ್ಕೆ ಕಾಲಿಟ್ಟಾಗ ನಾದಿನಿ ಇಟ್ಟ ಹೆಸರು. ಬೆಣ್ಣೆ ಸಾಹೇಬರ ಮನೆಯ ನಲ್ಲಿ ಸೋರಿದರೂ ಇವನೇ ಹೋಗಬೇಕು, ಅವರ ಲೇಖನ ಬರೆಯಬೇಕಾದರೂ ಇವನೇ ಕೂರಬೇಕು.

ಆಗ ಹೆಂಗಸರಿಬ್ಬರೂ ಊಟಕ್ಕೆ ಹೋಗಿದ್ದರು. ಕ್ಯಾಂಟೀನಿನೊಳಗೆ ಅವರು ಕೂರುವ ಹಾಗಿಲ್ಲ, ಮೈಯಿಂದ ವಾಸನೆ ಬರುತ್ತದಂತೆ. ಸೈಕಲ್ ನಿಲ್ದಾಣದ ಹಿಂದೆ ತಿಂದು ವಾಪಸು ಬರುವಾಗ ಆರನೇ ವರ್ಷ ಎದುರಾದ. ಮಣಿಕಟ್ಟಿಗೆ ಟೇಪಿನ ಸುರುಳಿಯನ್ನು ಬಳೆಯಂತೆ ಹಾಕಿಕೊಂಡಿದ್ದ. ಗಾಜಕ್ಕ ಅದನ್ನು ನೋಡಿದಳು. ನೋಡಿ, ಪೆಟ್ಟಿಗೆಗೆ ಚೀಟಿ ಅಂಟಿಸಿರಬೇಕು ಎಂದುಕೊಂಡಳು. ರಸಾಯನ ಓದಿದವನು ಬಾಟಲಿಗೆ ಟೇಪು ಸುತ್ತುತ್ತಾನೆಂದು ಯಾರು ಎಣಿಸುತ್ತಾರೆ? ಚೀಟಿ ಓದಲು ಬಾರದವರೂ ಮಾಡದ ಕೆಲಸ ಅದು.

ನಾದಿನಿ ಮುಂದಿನ ಸಾಲಿನ ಬಾಟಲಿಯೊಂದನ್ನು ಎತ್ತಿ, ಎದೆಗವಚಿಕೊಂಡು, ಹಿಂದಿನ ಶೆಡ್ಡಿಗೆ ಹೊರಟಳು. ಟೇಪು ಪಾರದರ್ಶಕ, ಹೊಳೆಯುವ ಗಾಜಿನ ಮೇಲೆ ಕಾಣುವಂಥದ್ದಲ್ಲ. ಮೊಗಸಾಲೆ ಅರ್ಧ ದಾಟಿರಲಿಲ್ಲ, ಬಾಟಲಿ ಸಿಡಿಯಿತು.

ಅವಳನ್ನು ನಾಲ್ಕು ಜನ ಎತ್ತಿ ಹೊರಗೆ ಸಾಗಿಸುವಾಗ, ಗುಮಾಸ್ತ ತೊಳೆಯುವ ಕೋಣೆಯಲ್ಲಿ ಉಳಿದ ಬಾಟಲಿಗಳ ಟೇಪನ್ನು ದೂರದಿಂದಲೇ ಇಕ್ಕಳದಲ್ಲಿ ಕೀಳುತ್ತಿದ್ದ. ಅವತ್ತು ಅವನಿಗೆ ಒದ್ದೆ ನೆಲದ ಭಯವಿರಲಿಲ್ಲ.

ಸಮಿತಿ ಹತ್ತು ದಿನ ಮುಂದಕ್ಕೆ ಹೋಯಿತು. ನಾಳೆ ಬರುತ್ತದೆ.

*

ಊಟದ ಬಿಡುವಿನಲ್ಲಿ ಗಾಜಕ್ಕ ಹೋದಾಗ ಆಸ್ಪತ್ರೆಯ ಮಂಚದ ಮೇಲೆ ನಾದಿನಿ ಗೋಡೆಗೊರಗಿ ಕೂತಿದ್ದಳು. ಎರಡೂ ಕಣ್ಣಿಗೆ ಪಟ್ಟಿ, ಎರಡೂ ಕೈಗೆ ಬೆರಳು ಕಾಣದ ಹಾಗೆ ಬಟ್ಟೆ. ಎಡಗಣ್ಣು ಹೋಗಿಯಾಗಿತ್ತು. ಬಲಗಣ್ಣಿಗೆ ಈ ವಾರದೊಳಗೆ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆದರೆ ಉಳಿದೀತು ಎಂದಿದ್ದರು ವೈದ್ಯರು. ಕೆಲಸದ ಜಾಗದಲ್ಲಾದ ಅಪಘಾತ, ನಮ್ಮ ಲೋಪ ಎಂದು ಶಾಲೆ ಒಂದು ಕಾಗದ ಕೊಟ್ಟರೆ ಅಲ್ಲಿ ಸೇರಿಸಿಕೊಳ್ಳುತ್ತಾರೆ. ಕಾಗದ ಕೇಳಲು ಹೋದಾಗಲೇ ವಿಚಾರಣೆ ನಡೆಯುತ್ತಿದೆ ಎಂಬ ಉತ್ತರ ಸಿಕ್ಕಿದ್ದು.

ಗಾಜಕ್ಕನ ಗಂಡ ಸತ್ತ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಇವಳನ್ನು ಈ ಕೆಲಸಕ್ಕೆ ತಂದು ಸೇರಿಸಿದವಳೂ ಗಾಜಕ್ಕನೇ. ಆಗ ಎಷ್ಟು ಜಂಬ! 'ಬಿಸಿಲಲ್ಲಿ ಕಲ್ಲು ಹೊರೋ ಹಾಗಿಲ್ಲ ಕಣೇ, ನೆರಳಲ್ಲಿ ಗಾಜು ತೊಳೆಯೋದು' ಎಂದಿದ್ದಳು.

"ಯಾರದು? ಅತ್ತಿಗೇನಾ? ವಾಸನೇಲೇ ಗೊತ್ತಾಯ್ತು ಬಿಡು," ಎಂದಳು ನಾದಿನಿ. "ಬೆಳಿಗ್ಗೆ ಬೆಣ್ಣೆ ಬಂದಿದ್ದ."

"ಇಲ್ಲಿಗಾ?"

"ಹೂಂ. ಸೇಬು ತಂದಿದ್ದ. ಎರಡು ಕೈನೂ ಕಟ್ಟಾಕಿರೋಳಿಗೆ ಸೇಬು! ಹೆಚ್ಚಿ ಬಾಯಿಗಿಡ್ತಾನೇನೋ ಅಂತ ಬಾಯಿ ತೆಗೆದೆ. ಅವನು ಭಾಷಣ ಇಟ್ಟ."

ಪಕ್ಕದ ಮಂಚದ ಹೆಂಗಸು ಕಿಸಕ್ಕೆಂದಳು. ಗಾಜಕ್ಕನೂ ನಗಬೇಕೆಂದು ಬಾಯಿ ತೆರೆದಳು, ಆಗಲಿಲ್ಲ. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅವಳ ಬಾಯಿಗಿಟ್ಟಳು.

ನಾದಿನಿ ಅಗಿದು ನುಂಗಿ, ದನಿ ತಗ್ಗಿಸಿ ಕೇಳಿದಳು. "ಅತ್ತಿಗೆ, ನಿಜ ಹೇಳು. ನಾನೇ ಬಿಗಿ ಮಾಡಿದ್ನಾ?"

"ಏನನ್ನ?"

"ಮುಚ್ಚಳಾನ. ಅವನು ಹಾಗಂದ. 'ಗಾಬರಿ ಬೇಡಮ್ಮ, ತಪ್ಪು ಎಲ್ಲರೂ ಮಾಡ್ತಾರೆ, ನೀನು ಮರೆತು ಬಿಗಿ ಮಾಡಿರ್ತೀಯ' ಅಂದ. ಅಷ್ಟು ಪ್ರೀತಿಯಿಂದ ಅಂದ ಅತ್ತಿಗೆ, ನಂಗೇ ಅನುಮಾನ ಬಂತು. ಆವಾಗಿಂದ ಜ್ಞಾಪಿಸ್ಕೊತಾ ಇದೀನಿ. ನನ್ನ ಕೈ ಮುಚ್ಚಳ ತಿರುವಿದ ಹಾಗೆ ಕಾಣ್ತಾ ಇದೆ. ಕಣ್ಣಿಲ್ಲದೆ ಇದ್ರೆ ಏನು ಬೇಕಾದ್ರೂ ಕಾಣ್ಸುತ್ತೆ ಅಲ್ವಾ?"

"ಥೂ, ಹುಚ್ಚಿ! ನೀನಲ್ಲ. ಅದಕ್ಕೆ ಟೇಪು ಸುತ್ತಿತ್ತು. ಆರನೇ ವರ್ಷ ಸುತ್ತಿದ್ದು."

"ನೀನು ನೋಡಿದ್ಯಾ, ಸುತ್ತೋದನ್ನ?"

ಗಾಜಕ್ಕ ಸುಳ್ಳು ಹೇಳಬಹುದಿತ್ತು. "ಸುತ್ತಿ ಬಂದಿದ್ದನ್ನ ನೋಡ್ದೆ," ಎಂದಳು.

"ಹಂಗಾದ್ರೆ ನಿಂಗೂ ಗೊತ್ತಿಲ್ಲ," ಎಂದಳು ನಾದಿನಿ, ಬಟ್ಟೆ ಸುತ್ತಿದ ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಬಲಕ್ಕೆ, ಎಡಕ್ಕೆ ತಿರುವುತ್ತ.

*

ಬೆಣ್ಣೆ ಸಾಹೇಬರ ಕೋಣೆಯಲ್ಲಿ ಎಂದೂ ವಾಸನೆ ಇರುವುದಿಲ್ಲ. ಹೊರಗೆ ಹೇಗೋ, ಆ ಕೋಣೆಯೊಳಗೆ ಅವರು ಕೆಳಗಿನವರ ಜೊತೆ ನೇರವಾಗಿ ಮಾತಾಡುವವರಲ್ಲ. ಮೂರಡಿ ದೂರದಲ್ಲಿ ನಿಂತಿದ್ದರೂ ಅವರ ಮಾತು ಗುಮಾಸ್ತನ ಮೂಲಕವೇ ಬರಬೇಕು.

"ಅವರಿಗೆ ಹೇಳಿ," ಎಂದರು ಕಿಟಕಿಯ ಕಡೆ ನೋಡುತ್ತ, "ಅವರ ಕುಟುಂಬದ ನೋವಿನಲ್ಲಿ ನಾವೆಲ್ಲ ಭಾಗಿಗಳು ಅಂತ."

ಗುಮಾಸ್ತ ತಿರುಗಿ, "ಕೇಳಿಸ್ತೇನೇ? ಸುಮ್ನೆ ಒತ್ತು," ಎಂದ.

"ನಮ್ಮದು ಒಂದು ಸಮುದಾಯ. ಇಲ್ಲಿ ಪ್ರಾಧ್ಯಾಪಕರು, ವಿದ್ಯಾರ್ಥಿಗಳು, ಸಿಬ್ಬಂದಿ ಅನ್ನೋ ಭೇದ ಇಲ್ಲ. ಹಕ್ಕೂ ಹೊಣೆಯೂ ಎಲ್ಲರಿಗೂ ಸಮ."

"ನಖರಾ ಮಾಡಬೇಡ ಅಂತಿದಾರೆ."

ಸಾಹೇಬರು ಮೇಜಿನ ಮೇಲಿದ್ದ ನುಣುಪು ಹಾಳೆಯ ಪುಸ್ತಿಕೆಯೊಂದನ್ನು ಒಂದೇ ಬೆರಳಲ್ಲಿ ಅವಳ ಕಡೆ ನೂಕಿದರು. ಹಕ್ಕು-ಹೊಣೆ ಪತ್ರ. ಹೊದಿಕೆಯ ಮೇಲೆ ಕೈ ಕೈ ಹಿಡಿದ ಚಿತ್ರ, ಎಲ್ಲ ಕೈಗಳೂ ಮೃದು, ಒಂದಕ್ಕೂ ಗವಸಿಲ್ಲ. ನಾಳೆ ಸಮಿತಿಯೆದುರು ಎಲ್ಲರೂ ಇದನ್ನು ಒಪ್ಪಿ ಸಹಿ ಹಾಕುವ ಸಮಾರಂಭ. ಗೋಡೆ ಪಕ್ಕ ಆರನೇ ವರ್ಷ ಪುಸ್ತಿಕೆಗಳನ್ನು ಎಣಿಸಿ ಕಟ್ಟು ಕಟ್ಟುತ್ತಿದ್ದ. ಅದನ್ನು ಬರೆದವನೂ ಅವನೇ, ನಾಳೆ ಓದುವವನೂ ಅವನೇ. ಹೊದಿಕೆಯ ಮೇಲಿದ್ದ ಹೆಸರು ಮಾತ್ರ ಸಾಹೇಬರದು.

ಗಾಜಕ್ಕ ಪುಸ್ತಿಕೆ ತೆರೆದಳು. ಎರಡು ಕಂಬಸಾಲು, ಒಂದು ಹಕ್ಕಿಗೆ, ಒಂದು ಹೊಣೆಗೆ. "ಇದ್ರಲ್ಲಿ ನಾವೆಲ್ಲಿದೀವಿ ಸಾಹೇಬ್ರೆ?"

"ಪುಟ ಒಂಬತ್ತು ಅಂತ ಹೇಳಿ."

ಪುಟ ಒಂಬತ್ತರ ಹೊಣೆಯ ಸಾಲಿನಲ್ಲಿ ಹದಿನಾಲ್ಕು ಸಂಗತಿಗಳಿದ್ದವು. ಹಕ್ಕಿನ ಸಾಲಿನಲ್ಲಿ ಒಂದು: ಗೌರವದಿಂದ ನಡೆಸಿಕೊಳ್ಳಲ್ಪಡುವುದು. ಎರಡೂ ಸಾಲುಗಳ ಕೆಳಗೆ, ದಪ್ಪಕ್ಷರದಲ್ಲಿ, ಸುರಕ್ಷತೆ ಎಲ್ಲರೂ ಹಂಚಿಕೊಳ್ಳಬೇಕಾದ ಹೊಣೆ ಎಂದಿತ್ತು.

ಅವಳು ಬೆರಳಿಟ್ಟು ಓದಿ ಮುಗಿಸುವವರೆಗೆ ಮೂವರೂ ನೋಡುತ್ತಿದ್ದರು. ಗುಮಾಸ್ತನ ಬಾಯಿ ತೆರೆದೇ ಇತ್ತು.

"ಹಂಚ್ಕೊಳ್ಳೋಣ ಸಾಹೇಬ್ರೆ, ಯಾರು ಬೇಡ ಅಂದ್ರು?" ಎಂದಳು ಗಾಜಕ್ಕ. "ನಮ್ಮ ಪಾಲಿನ ಒಂದು ಕಣ್ಣು ಕೊಟ್ಟಾಯ್ತು. ಉಳಿದೋರು ತಮ್ಮ ಪಾಲಿಂದು ಯಾವಾಗ ಕೊಡ್ತೀರಿ?"

ಸಾಹೇಬರು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ನಡುವೆ ಗುಮಾಸ್ತ ಬೇಕಾಗಲಿಲ್ಲ.

"ನೋಡಮ್ಮ. ನಿನ್ನ ಗುತ್ತಿಗೆ ಈ ಶುಕ್ರವಾರ ಮುಗಿಯುತ್ತೆ. ಮುಂದುವರಿಸೋದು ನನ್ನ ಒಂದು ಸಹಿ. ನಾಳೆ ಸಮಾರಂಭದಲ್ಲಿ, ಎಲ್ಲರೆದುರು, ತರಬೇತಿ ಪಡೆದ ಸಿಬ್ಬಂದಿ ಅಂತ ನೀನು ಸಹಿ ಹಾಕ್ತೀಯ. ಓದು ಬರಹ ಬರುತ್ತೆ ಅಂತಾಯ್ತಲ್ಲ, ಇನ್ನೂ ಒಳ್ಳೇದು. ನಿನ್ನದೊಂದು, ಅವಳ ಪರವಾಗಿ ಒಂದು. ಇಲ್ಲಾಂದ್ರೆ ಶನಿವಾರದಿಂದ ಇಬ್ಬರೂ ಮನೇಲಿ ಕೂತು ಒಬ್ಬರ ಮುಖ ಒಬ್ಬರು ನೋಡ್ಕೊಳ್ಳಿ." ಒಂದು ಕ್ಷಣ ನಿಲ್ಲಿಸಿ ಮುಗುಳ್ನಕ್ಕರು. "ಅಂದ್ರೆ, ನೀನು ನೋಡಬಹುದು."

ಗುಮಾಸ್ತ ನಕ್ಕ. ಆರನೇ ವರ್ಷ ಪುಸ್ತಿಕೆಯ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದ.

"ಏನಪ್ಪಾ," ಎಂದು ಸಾಹೇಬರು ಅವನ ಕಡೆ ತಿರುಗಿದರು, "ನಿನ್ನ ಕೊನೇ ಅಧ್ಯಾಯ ನನ್ನ ಡ್ರಾಯರಲ್ಲಿ ನಾಲ್ಕು ತಿಂಗಳಿಂದ ಗೊರಕೆ ಹೊಡೀತಿದೆ. ಎಬ್ಬಿಸಲೋ, ಇನ್ನೂ ಮಲಗಿಸಲೋ?"

"ಎಬ್ಬಿಸಿ ಸರ್," ಎಂದ ಆರನೇ ವರ್ಷ.

*

ಸಂಜೆ ಅವನು ತೊಳೆಯುವ ಕೋಣೆಗೆ ಬಂದ. ಒಳಗೆ ಬರಲು ಅವನಿಗೆ ಹೆದರಿಕೆ ಇರಲಿಲ್ಲ, ಬಂದು ತೊಟ್ಟಿಯ ಪಕ್ಕ ನಿಂತ.

"ಅಕ್ಕಾ."

"ಹೇಳಿ ಮೇಷ್ಟ್ರೇ."

"ಹಾಗನ್ಬೇಡಿ ಅಕ್ಕ."

"ಇನ್ನೇನನ್ಲಿ? ನಂಗೆ ಎರಡು ಗಂಟೆ ಪಾಠ ಹೇಳಿದ ಗುರು ನೀನು. ರಿಜಿಸ್ಟರಲ್ಲಿ ಸಹಿ ನೋಡ್ದೆ. ಅಕ್ಷರ ಚೆನ್ನಾಗಿದೆ, ದುಂಡಗೆ."

"ಸರ್ ಹೇಳಿದ್ರು, ಹಾಕ್ದೆ."

"ಟೇಪು ಸುತ್ತು ಅಂದ್ರು, ಸುತ್ತಿದೆ. ಸುತ್ತಬಾರದು ಅಂತ ಪಾಠ ಹೇಳಿದೀನಿ ಅಂತ ಬರಿ ಅಂದ್ರು, ಬರೆದೆ. ಒಂದೇ ಕೈಯಲ್ಲಿ ಎರಡನ್ನೂ ಮಾಡಿದ್ಯೋ, ಟೇಪಿಗೊಂದು ಕೈ, ಪೆನ್ನಿಗೊಂದು ಕೈನೋ?"

ಅವನು ತೊಟ್ಟಿಯ ಅಂಚನ್ನು ಉಗುರಿನಿಂದ ಕೆರೆದ. "ಟೇಪು ಬೇಡ ಸರ್, ಅಪಾಯ ಅಂತ ಅಂದೆ ಅಕ್ಕ. ನಾಳೆ ಒಂದು ದಿನಕ್ಕೇನಾಗುತ್ತೆ ಅಂದ್ರು. ನಾನೂ ನಿಮ್ಮೋನೇ ಅಲ್ವಾ? ನಮ್ಮಪ್ಪ ಮೂಟೆ ಹೊತ್ತು ನನ್ನ ಓದಿಸಿದ. ಆರು ವರ್ಷ ಅಕ್ಕ. ಈ ಒಂದು ಅಧ್ಯಾಯಕ್ಕೆ ಸಹಿ ಬಿದ್ರೆ..."

"ನಿಮ್ಮಪ್ಪ ಮೂಟೆ ಹೊತ್ತ. ನೀನು ಬೆಣ್ಣೆ ಸಾಹೇಬನ್ನ ಹೊತ್ತಿದೀಯ. ಮೂಟೆ ಹೊತ್ತೋನು ಸಂಜೆಗಾದ್ರೂ ಇಳಿಸ್ತಿದ್ದ."

"ಡಾಕ್ಟರೇಟ್ ಒಂದು ಆಗ್ಲಿ. ನಾನೇ ನಿಂತು ನಿಮಗೆ ಸಹಾಯ ಮಾಡ್ತೀನಿ."

"ಅಷ್ಟೊತ್ತಿಗೆ ಅವಳಿಗೆ ನಿನ್ನ ಮುಖ ಕಾಣ್ಸಲ್ಲ ಬಿಡು. ಒಳ್ಳೇದೇ ಆಯ್ತು."

ಅವನ ಕಣ್ಣಲ್ಲಿ ನೀರು ಬಂತು. ಗಾಜಕ್ಕ ಅದನ್ನು ನೋಡಿದಳು, ಗಾಜಿನ ಮೇಲೆ ಉಳಿದ ಕಲೆಯನ್ನು ನೋಡುವ ಹಾಗೆ.

"ಅಳಬೇಡ. ಒಂದು ಕೆಲಸ ಮಾಡು," ಎಂದಳು. "ಈಗಲೇ ನನ್ನ ಜೊತೆ ಆಸ್ಪತ್ರೆಗೆ ಬಾ. ಅವಳ ಹತ್ರ ಕೂತು, ನಾನು ಬಿಗಿ ಮಾಡಿದ್ದು, ನೀನಲ್ಲ ಅಂತ ಹೇಳು. ಸಮಿತಿಗೆ ಹೇಳ್ಬೇಡ, ಸಾಹೇಬನಿಗೆ ಹೇಳ್ಬೇಡ. ಅವಳಿಗೊಬ್ಬಳಿಗೆ. ಬೆಳಗಿಂದ ತಾನೇ ತನ್ನ ಕಣ್ಣು ತೆಕ್ಕೊಂಡೆ ಅಂತ ಕೂತಿದಾಳೆ. ಅದೊಂದು ಇಳಿಸು ಅವಳ ತಲೆಯಿಂದ."

ಆರನೇ ವರ್ಷ ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದ. ನಲ್ಲಿಯಿಂದ ಹನಿ ಬೀಳುತ್ತಿತ್ತು. ಕೊನೆಗೆ ಕೇಳಿದ: "ಅವರು ಅದನ್ನ ಯಾರಿಗಾದ್ರೂ ಹೇಳಿಬಿಟ್ರೆ?"

ಗಾಜಕ್ಕ ತೊಟ್ಟಿಯೊಳಗೆ ಉಗಿದಳು. ಆಮೇಲೆ ಆ ನೀರನ್ನು ಚೆಲ್ಲಿ ಹೊಸ ನೀರು ತುಂಬಿಸಿದಳು.

*

ಮರುದಿನ ಸಭಾಂಗಣದ ಮುಂದಿನ ಸಾಲಿನಲ್ಲಿ ಮೆತ್ತೆಯ ಕುರ್ಚಿಗಳನ್ನು ಹಾಕಿದ್ದರು. ಸಮಿತಿಯ ಮೂವರು ಅವುಗಳಲ್ಲಿ ಕೂತಿದ್ದರು. ಇಬ್ಬರು ಗಂಡಸರು, ಮೊಣಕಾಲ ಮೇಲೆ ಕಡತ ಇಟ್ಟುಕೊಂಡ ಒಬ್ಬ ಹೆಂಗಸು. ವೇದಿಕೆಯ ಮೇಲೆ ಆಳೆತ್ತರದ ಹಲಗೆ, ಅದರ ಮೇಲೆ ಹಕ್ಕು-ಹೊಣೆ ಪತ್ರ ದೊಡ್ಡಕ್ಷರದಲ್ಲಿ. ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಹತ್ತಿ, ಸಹಿ ಹಾಕಿ, ಕ್ಯಾಮೆರಾಗೆ ಹಲ್ಲು ಬಿಟ್ಟು ಇಳಿದರು. ಸಂಶೋಧಕರು ಸಾಲಾಗಿ ಬಂದರು. ಧ್ವನಿವರ್ಧಕದ ಹಿಂದೆ ಆರನೇ ವರ್ಷ ಇಸ್ತ್ರಿ ಅಂಗಿ ಹಾಕಿಕೊಂಡು ಒಂದೊಂದೇ ಕಲಮು ಓದುತ್ತಿದ್ದ. ಭೇದವಿಲ್ಲ. ಭಯವಿಲ್ಲ. ಪ್ರಶ್ನಿಸುವ ಹಕ್ಕು ಎಲ್ಲರದು. ಒಂದೊಂದಕ್ಕೂ ಚಪ್ಪಾಳೆ.

ಗಾಜಕ್ಕನಿಗೆ ಶುಭ್ರವಾಗಿ ಬರಲು ಹೇಳಿದ್ದರು. ಅವಳು ತೊಟ್ಟಿಯಿಂದೆದ್ದು ಹಾಗೇ ಬಂದಳು. ರಬ್ಬರ್ ಮೇಲಂಗಿ, ಮೊಣಕೈವರೆಗಿನ ಗವಸು, ನೆಲದ ಮೇಲೆ ಹಿಂದೆ ಹಿಂದೆ ಹನಿಯ ಸಾಲು. ಅವಳು ನಡೆದು ಬಂದಂತೆ ಪಕ್ಕದ ಸಾಲಿನವರು ಕಾಲು ಮೇಲೆತ್ತಿಕೊಂಡರು.

"ಇವರು ನಮ್ಮ ಸಮುದಾಯದ ಬೆನ್ನೆಲುಬು," ಎಂದರು ಬೆಣ್ಣೆ ಸಾಹೇಬರು, ಸಮಿತಿಗೆ ಕೇಳುವ ಹಾಗೆ. "ದುರದೃಷ್ಟವಶಾತ್ ಒಬ್ಬ ಸಹೋದ್ಯೋಗಿಯ ಅಜಾಗರೂಕತೆಯಿಂದ ಈಚೆಗೆ ಒಂದು ಸಣ್ಣ ಅವಘಡ ಆಯ್ತು. ಆದ್ರೆ ನಾವು ಪ್ರತಿಯೊಬ್ಬರಿಗೂ ತರಬೇತಿ ಕೊಟ್ಟೇ ಕೊಡ್ತೀವಿ. ದಾಖಲೆ ಇದೆ."

ಗುಮಾಸ್ತ ರಿಜಿಸ್ಟರು ತೆರೆದು, ಪೆನ್ನಿನ ಸಮೇತ, ಅವಳ ಗವಸಿನ ಮೇಲೆ ಇಟ್ಟ. "ಇಲ್ಲಿ, ಇಲ್ಲಿ," ಎಂದು ಎರಡು ಚೌಕ ತೋರಿಸಿ ಪಿಸುಗುಟ್ಟಿದ. "ಬೇಗ ಗೀಚಿ ಸಾಯಿ."

ಗಾಜಕ್ಕ ಪೆನ್ನು ಹಿಡಿದಳು. ರಿಜಿಸ್ಟರಿನ ಮೇಲೆ ಬಾಗಿದಳು. ಮತ್ತೆ ನೆಟ್ಟಗೆ ನಿಂತಳು.

"ಮೇಷ್ಟ್ರೇ," ಎಂದು ಧ್ವನಿವರ್ಧಕದ ಕಡೆ ತಿರುಗಿ ಕೂಗಿದಳು, "ನನ್ನ ಮಂಡೆ ಸ್ವಲ್ಪ ಮಂದ. ನೀವು ಅವತ್ತು ಹೇಳಿಕೊಟ್ಟಿದ್ದು ಒಂದಕ್ಷರಾನೂ ಜ್ಞಾಪಕ ಇಲ್ಲ. ಇನ್ನೊಂದ್ಸಲ ಪಾಠ ಮಾಡಿ. ಕೇಳಿಸ್ಕೊಂಡು ಸಹಿ ಹಾಕ್ತೀನಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆರನೇ ವರ್ಷ ಸಾಹೇಬರನ್ನು ನೋಡಿದ.

"ಅವರನ್ಯಾಕೆ ನೋಡ್ತೀರಿ? ಪಾಠ ಹೇಳಿದ್ದು ನೀವು, ಸಹಿ ನಿಮ್ಮದು. ಎರಡು ಗಂಟೆ ಬೇಡ, ಎರಡು ಮಾತು ಸಾಕು. ಆಸಿಡ್ ಉಳಿದಿರೋ ಬಾಟಲಿ ಮುಚ್ಚಳ ಹೇಗಿರ್ಬೇಕು?"

"ಸಡಿಲ," ಎಂದ ಆರನೇ ವರ್ಷ. ಧ್ವನಿವರ್ಧಕ ಅದನ್ನು ಇಡೀ ಸಭಾಂಗಣಕ್ಕೆ ಹಂಚಿತು.

"ಸಡಿಲ. ಸರಿ. ಬಿಗಿ ಮಾಡಿ, ಮೇಲೆ ಟೇಪು ಸುತ್ತಿದ್ರೆ?"

"ಸಿಡಿಯುತ್ತೆ."

"ಹಾಂ, ಈಗ ಜ್ಞಾಪಕ ಬರ್ತಿದೆ ನೋಡಿ. ಇನ್ನೊಂದೇ ಒಂದು ಸಂದೇಹ. ಅವತ್ತು ಮಧ್ಯಾಹ್ನ ನಾವು ಊಟಕ್ಕೆ ಹೋದಾಗ ಟೇಪು ಸುತ್ತಿದ್ದು ಯಾರು? ಸುತ್ತು ಅಂದಿದ್ದು ಯಾರು?"

ಸಾಹೇಬರು ಬೆರಳಾಡಿಸಿದರು. ಧ್ವನಿವರ್ಧಕ ಕಟ್ಟೆಂದು ಸತ್ತಿತು. "ಭಾವುಕರಾಗಿದಾರೆ, ಪಾಪ," ಎಂದು ಸಮಿತಿಗೆ ನಕ್ಕು, ಹಲ್ಲಿನ ಸಂದಿಯಿಂದ ಗುಮಾಸ್ತನಿಗೆ, "ಪುಸ್ತಕ ಕಿತ್ಕೊಳ್ಳೋ," ಎಂದರು.

ಗುಮಾಸ್ತ ಕೈ ಚಾಚಿದ. ಗಾಜಕ್ಕ ರಿಜಿಸ್ಟರನ್ನು ಮುಚ್ಚಿದಳು. ಮುಂದಿನ ಸಾಲಿನಲ್ಲಿ, ಸಮಿತಿಯ ಹೆಂಗಸಿನ ಪಕ್ಕ, ಸಾಹೇಬರು ಎದ್ದು ಹೋಗಿದ್ದ ಮೆತ್ತೆಯ ಕುರ್ಚಿ ಖಾಲಿ ಇತ್ತು. ರಿಜಿಸ್ಟರನ್ನು ಅದರ ಮೇಲಿಟ್ಟು, ಒದ್ದೆ ಮೇಲಂಗಿಯ ಸಮೇತ, ಅದರ ಮೇಲೆ ಕುಕ್ಕರಿಸಿ ಕೂತಳು. ಗವಸಿನ ಕೈಯೆರಡನ್ನೂ ಕುರ್ಚಿಯ ತೋಳಿನ ಮೇಲಿಟ್ಟಳು. ಹನಿ ಮೆತ್ತೆಗಿಳಿಯಿತು.

"ಪಾಠ ಮುಗೀಲಿ," ಎಂದಳು. "ಅಲ್ಲೀವರ್ಗೂ ಏಳಲ್ಲ."

"ಎಬ್ಬಿಸ್ರೋ ಅವಳನ್ನ!"

ಗುಮಾಸ್ತ ಹತ್ತಿರ ಬಂದ. ಮೇಲಂಗಿ ನೋಡಿದ, ಹನಿ ನೋಡಿದ, ತನ್ನ ಅಂಗೈ ನೋಡಿಕೊಂಡ. "ಸರ್, ಕಾವಲಿನವನನ್ನ ಕರೀಲಾ?" ಎಂದ. ಕಾವಲಿನವನು ಬಂದ, ಅವನೂ ನೋಡಿದ. "ಇದು ಪ್ರಯೋಗಾಲಯದೋರ ಕೆಲಸ ಸ್ವಾಮಿ, ನಂಗೆ ಗವಸು ಕೊಟ್ಟಿಲ್ಲ," ಎಂದ. ಪ್ರಯೋಗಾಲಯದ ಸಹಾಯಕ ಪ್ರಾಧ್ಯಾಪಕರನ್ನು ನೋಡಿದ. ಪ್ರಾಧ್ಯಾಪಕರು ಹಲಗೆಯ ಮೇಲಿನ ತಮ್ಮ ಸಹಿಯನ್ನು ನೋಡಿದರು. ಸಮಿತಿಯ ಗಂಡಸರಿಬ್ಬರೂ ಕುರ್ಚಿಯನ್ನು ಅತ್ತ ಸರಿಸಿಕೊಂಡರು. ಹೆಂಗಸು ಸರಿಯಲಿಲ್ಲ. ಪುಸ್ತಿಕೆಯಲ್ಲಿ ಪುಟ ಒಂಬತ್ತನ್ನು ತೆರೆದು, ಬೆರಳಿಟ್ಟು ಓದತೊಡಗಿದರು. ಅದೊಂದು ಹಕ್ಕು ಓದಲು ಎಷ್ಟು ಹೊತ್ತು ಬೇಕು, ಆದರೂ ಓದುತ್ತಲೇ ಇದ್ದರು.

ಸತ್ತ ಧ್ವನಿವರ್ಧಕದ ಹಿಂದೆ ಆರನೇ ವರ್ಷ ಇನ್ನೂ ನಿಂತಿದ್ದ. ಸಾಹೇಬರು ಅವನಿಗೆ ಇಳಿದು ಬಾ ಎಂದು ಕಣ್ಣಲ್ಲೇ ಹೇಳಿದರು, ಅವನು ಇಳಿಯಲಿಲ್ಲ. ಅವನ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದಾನೆಂದು ಎರಡನೇ ಸಾಲಿಗೂ ಕೇಳಲಿಲ್ಲ, ಮೊದಲ ಸಾಲಿಗೂ ಕೇಳಲಿಲ್ಲ. ಗಾಜಕ್ಕ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು.

"ಜೋರಾಗಿ ಹೇಳೋ, ಬೋಳಿಮಗನೇ!" ಎಂದು ಕೂಗಿದಳು. "ಅವಳು ಆಸ್ಪತ್ರೇಲಿದಾಳೆ. ಅಲ್ಲೀಗಂಟ ಕೇಳ್ಬೇಕು!"